ಬ್ಯಾಕ್ಟೀರಿಯಾ ಪೊರೆಯ ನೆರಿಗೆ: ನಿಜವೋ, ಭ್ರಮೆಯೋ?

ಹೊಟ್ಟೆ ತುಂಬ ಊಟ, ಹದವಾದ ಬಿಸಿ ಸಿಕ್ಕರೆ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತದೆ. ಆಗ ಡಿಎನ್‌ಎ ಪ್ರತಿ ಆಚೆಗೊಂದು, ಈಚೆಗೊಂದು ಹೋಗಬೇಕು, ಅಲ್ವಾ? ನಮ್ಮ ಜೀವಕೋಶದಲ್ಲಿ ಅದನ್ನು ಎಳೆಯೋಕೆ ದಾರದಂಥ ನಾರುಗಳಿವೆ. ಬ್ಯಾಕ್ಟೀರಿಯಾದಲ್ಲಿ ಅಂಥದ್ದು ಕಾಣಿಸಲಿಲ್ಲ. ಹಾಗಾದರೆ ಪಾಲು ಮಾಡುವವರು ಯಾರು?

1963ರಲ್ಲಿ ಜೀವವಿಜ್ಞಾನಿಗಳಾದ ಫ್ರಾಂಸ್ವಾ ಜಾಕೋಬ್, ಸಿಡ್ನಿ ಬ್ರೆನರ್ ಮತ್ತು ಫ್ರಾಂಸ್ವಾ ಕ್ಯೂಜಾನ್ ಒಂದು ಉತ್ತರ ಕೊಟ್ಟರು. ಡಿಎನ್‌ಎ ಕೋಶದ ಸುತ್ತಲಿನ ಪೊರೆಗೆ ಅಂಟಿಕೊಂಡಿದೆ, ಎರಡು ಪ್ರತಿಗಳ ನಡುವೆ ಹೊಸ ಪೊರೆ ಬೆಳೆಯುತ್ತದೆ, ಅವು ತಾವಾಗೇ ದೂರವಾಗುತ್ತವೆ. ಬಲೂನಿನ ಮೇಲೆ ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟು ಊದಿ ನೋಡಿ, ಅಷ್ಟೇ ವಿಷಯ. ಎಷ್ಟು ಸಲೀಸು!

ಸಾಕ್ಷಿಯೂ ಸಿಕ್ಕಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಪೊರೆ ಸೀರೆ ನೆರಿಗೆ ಥರ ಒಳಕ್ಕೆ ಮಡಚಿಕೊಂಡಿತ್ತು. ಅದಕ್ಕೆ ಮೀಸೋಸೋಮ್ ಅಂತ ಹೆಸರಿಟ್ಟರು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಆಂತ್ವನೆತ್ ರೀಟೆ ತೆಗೆದ ಚಿತ್ರಗಳಲ್ಲಿ ಡಿಎನ್‌ಎ ಆ ನೆರಿಗೆಗೇ ತಾಗಿಕೊಂಡಂತೆ ಕಾಣುತ್ತಿತ್ತು. ಪಠ್ಯಪುಸ್ತಕಗಳಿಗೂ ಹೋಯಿತು. ನಾವೂ ಅದನ್ನೇ ಬಾಯಿಪಾಠ ಮಾಡಿ, ಚಿತ್ರ ಬರೆದು ಮಾರ್ಕ್ಸ್ ತಗೊಂಡವರು.

ಆದರೆ ನೆರಿಗೆ ಹಾಕಿದ್ದು ಬ್ಯಾಕ್ಟೀರಿಯಾ ಅಲ್ಲ, ಚಿತ್ರ ತೆಗೆಯೋಕೆ ಮುಂಚೆ ಸುರಿಯುತ್ತಿದ್ದ ರಾಸಾಯನಿಕ. 1970ರ ದಶಕದಲ್ಲೇ ಅನುಮಾನ ಬಂತು. 1983ರಲ್ಲಿ ಜಾಕ್ ದುಬೋಶೆ ತಂಡ ರಾಸಾಯನಿಕವೇ ಇಲ್ಲದೆ, ಬ್ಯಾಕ್ಟೀರಿಯಾವನ್ನು ಗಬಕ್ಕನೆ ಹೆಪ್ಪುಗಟ್ಟಿಸಿ ನೋಡಿತು. ನೆರಿಗೆ ಮಾಯ.

ಹಾಗಂತ ಪೊರೆ ಸುಮ್ನೆ ಕೂತಿಲ್ಲ. ಕೋಶವನ್ನು ಎರಡು ಮಾಡುವ ಎಫ್‌ಟಿಎಸ್‌ಝಡ್ ಪ್ರೋಟೀನಿನ ಉಂಗುರ ಪೊರೆಯ ಒಳಮೈಗೇ ಅಂಟಿರುತ್ತದೆ. ಅದು ಗೊತ್ತಾಗಿದ್ದು 1991ರಲ್ಲಿ.

ನನಗೆ ಇನ್ನೂ ಮಜಾ ಅನಿಸುವುದು ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳು, ಅಂದರೆ ಫೇಜ್‌ಗಳು. ಟಿ4 ಎಂಬ ಫೇಜ್ ಬ್ಯಾಕ್ಟೀರಿಯಾ ಒಳಗೆ ತನ್ನ ಮರಿಗಳನ್ನು ತುಂಬಿಸಿ, ಹೋಲಿನ್ ಎಂಬ ಪ್ರೋಟೀನನ್ನು ಪೊರೆಯಲ್ಲಿ ಜಮಾಯಿಸುತ್ತದೆ. ಗಳಿಗೆ ಬಂತು ಅಂದರೆ ಪೊರೆ ತೂತು, ಮನೆ ಢಮಾರ್. ಎಂ13 ಎಂಬ ಫೇಜ್ ಮಾತ್ರ ಮರ್ಯಾದಸ್ಥ. ಅದರ ಅಂಗಿಯ ಪ್ರೋಟೀನು ಪೊರೆಯಲ್ಲೇ ಕಾಯುತ್ತಿರುತ್ತದೆ. ಡಿಎನ್‌ಎ ಪೊರೆ ದಾಟುತ್ತಾ ದಾಟುತ್ತಾ ಅಂಗಿ ತೊಟ್ಟುಕೊಂಡು, ಶಾವಿಗೆ ಒರಳಿಂದ ಎಳೆ ಇಳಿದಂತೆ ಹೊರಗೆ ಬರುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ.

ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಕ್ಕೆ ತಗಲುವ ಫೈ29 ಅಂತ ಇನ್ನೊಂದಿದೆ. ಅದು ತನ್ನ ಡಿಎನ್‌ಎ ನಕಲು ಮಾಡುವ ಸಾಮಾನನ್ನೆಲ್ಲ ಪೊರೆಯ ಪಕ್ಕದಲ್ಲೇ ಹೂಡುತ್ತದೆ. ಜಾಕೋಬ್ ಗುಂಪು ಬ್ಯಾಕ್ಟೀರಿಯಾದಲ್ಲಿ ಹುಡುಕಿದ ಡಿಎನ್‌ಎ-ಪೊರೆಯ ನಂಟು ಅದರ ವೈರಸ್‌ನಲ್ಲಿ ಸಿಕ್ಕಿತು, ಅದೂ ನೆರಿಗೆಯಿಲ್ಲದೆ.