ಮಂಡಿಯನ್ನು ನೋಡಿ, ಆಮೇಲೆ ಪಾದವನ್ನು
ವೇದಿಕೆ ಬಿಟ್ಟು ತರಗತಿಗೆ ಬರುವ ಬ್ಯಾಲೆ ಕಲಾವಿದರು ಹೊಸದಾಗಿ ಕಲಿಯಬೇಕಾದದ್ದು ನೋಡುವುದನ್ನು. ಅಷ್ಟು ವರ್ಷ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡ ಕಣ್ಣು ಈಗ ಎಂಟು ವರ್ಷದ ಮಗುವಿನ ಮಂಡಿಚಿಪ್ಪಿನ ಮೇಲೆ ನಿಲ್ಲಬೇಕು. ಚೆನ್ನಾಗಿ ಕುಣಿಯುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಅಗ್ರಿಪಿನಾ ವಗನೋವಾ ಅವರಿಗೆ ಬ್ಯಾಲೆರಿನಾ, ಅಂದರೆ ಮುಖ್ಯ ನರ್ತಕಿಯ ಪದವಿ ಸಿಕ್ಕಿದ್ದೇ ತಡವಾಗಿ, 1915ರಲ್ಲಿ, ಮರುವರ್ಷವೇ ನಿವೃತ್ತಿ. ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಲೆ ಅಕಾಡೆಮಿಗೆ ಇಂದು ಅವರ ಹೆಸರಿರುವುದು ಅವರು ಕಲಿಸಿದ ರೀತಿಗಾಗಿ.

ಕಾಲನ್ನು ಹೊರಕ್ಕೆ ತೆರೆಯುವ ಟರ್ನ್‌ಔಟ್ ತೆಗೆದುಕೊಳ್ಳಿ. ಅದು ಹುಟ್ಟಬೇಕಾದದ್ದು ಸೊಂಟದ ಕೀಲಿನಲ್ಲಿ. ಎಷ್ಟು ತೆರೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೊಡೆಮೂಳೆಯ ಆಕಾರ, ಅದು ಕೂರುವ ಗುಳಿಯ ಆಳ ನಿರ್ಧರಿಸುತ್ತವೆ. ಪಕ್ಕದವಳನ್ನು ನೋಡಿ ಮಗು ಆಸರೆಯ ಅಡ್ಡಕೋಲಾದ ಬಾರ್ ಹಿಡಿದುಕೊಂಡು ತನ್ನ ಪಾದಗಳನ್ನೂ 180 ಡಿಗ್ರಿಗೆ ಎಳೆಯುತ್ತದೆ. ಆಗ ಶಿಕ್ಷಕರು ನೆಲದ ಮೇಲೆ ಕೂತು ನೋಡಬೇಕು. ಹೆಬ್ಬೆರಳು ಪಕ್ಕಕ್ಕೆ ತಿರುಗಿದ್ದರೂ ಮಂಡಿಚಿಪ್ಪು ಮುಂದಕ್ಕೇ ಇರುತ್ತದೆ. ಪಾದದ ಒಳಬದಿಯ ಕಮಾನು ಕುಸಿದು, ಕಿರುಬೆರಳು ನೆಲ ಬಿಟ್ಟಿರುತ್ತದೆ. ನೆಟ್ಟಗೆ ನಿಂತ ಮಂಡಿ ಹಾಗೆ ತಿರುಚಿಕೊಳ್ಳುವ ಕೀಲಲ್ಲ. ನಾನು ಪಾದಗಳನ್ನು ಒಳಕ್ಕೆ ತಂದು, ಮಂಡಿ ಬಾಗಿಸುವ ಪ್ಲೀಯೆ ಮಾಡಿಸುತ್ತೇನೆ. ಬಾಗಿದ ಮಂಡಿ ಎರಡನೆಯ ಬೆರಳಿನ ನೇರಕ್ಕೆ ಬಂದರೆ ಆ ಮಗುವಿಗೆ ಅಷ್ಟು ಸಾಕು, 100 ಡಿಗ್ರಿಯಾದರೂ ಸರಿ.

ಬೆಂಗಳೂರಿನಲ್ಲಿ ಕಲಿಸುವವರಿಗೆ ಒಂದು ಅನುಕೂಲವಿದೆ. ಭರತನಾಟ್ಯ ಕಲಿತು ಬರುವ ಮಕ್ಕಳಿಗೆ ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿ ಗೊತ್ತಿರುತ್ತದೆ, ತೊಡೆ ತೆರೆಯುವುದು ಅವರಿಗೆ ಹೊಸತಲ್ಲ. ತೊಡಕು ಬರುವುದು ಜಿಗಿತದಲ್ಲಿ. ಭರತನಾಟ್ಯದ ತಟ್ಟಡವಿನಲ್ಲಿ ಇಡೀ ಪಾದ ನೆಲಕ್ಕೆ ಬಡಿದು ತಾಳ ಕೇಳಿಸಬೇಕು. ಬ್ಯಾಲೆಯಲ್ಲಿ ಬೆರಳು, ಮುಂಗಾಲು, ಹಿಮ್ಮಡಿ ಒಂದರ ಹಿಂದೊಂದು ಇಳಿದು ಸದ್ದೇ ಆಗಬಾರದು. ಹಳೆಯದನ್ನು ಮರೆಯಿರಿ ಎಂದು ನಾನೆಂದೂ ಹೇಳುವುದಿಲ್ಲ. ಮೊದಲು ತಟ್ಟಿಸಿ, ಅದೇ ತಾಳಕ್ಕೆ ಸದ್ದಿಲ್ಲದೆ ಇಳಿಯಲು ಹೇಳಿದರೆ ವ್ಯತ್ಯಾಸ ಅವರ ಕಿವಿಗೇ ತಿಳಿಯುತ್ತದೆ.

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಗಂಟೆ ಲೆಕ್ಕಕ್ಕೆ ಬಾಡಿಗೆ ಹಿಡಿಯುವ ಹಾಲ್‌ನಲ್ಲಿ ಗ್ರಾನೈಟ್ ನೆಲವಿದ್ದರೆ ಜಿಗಿತಗಳನ್ನು ಕಡಿತ ಮಾಡಿ. ಮರದ ಪಟ್ಟಿಗಳ ಮೇಲೆ ಪ್ಲೈವುಡ್ ಹಾಸಿದ ನೆಲ ಪೆಟ್ಟನ್ನು ಹೀರಿಕೊಳ್ಳುತ್ತದೆ, ಕಲ್ಲು ಅದನ್ನು ಮೊಣಕಾಲಿಗೇ ಹಿಂತಿರುಗಿಸುತ್ತದೆ.

“ಮೇಡಂ, ಬೆರಳ ತುದಿಯಲ್ಲಿ ನಿಲ್ಲುವುದು ಯಾವಾಗ?” ಹೆತ್ತವರು ಕೇಳುವ ಮೊದಲ ಪ್ರಶ್ನೆ ಇದು. ಹಾಗೆ ನಿಲ್ಲಲು ಹಾಕುವ ಪಾಯಿಂಟ್ ಶೂವಿನ ಮೂತಿ ಬಟ್ಟೆ, ಕಾಗದ, ಅಂಟಿನ ಪದರಗಳಿಂದ ಆದದ್ದು. ಮಗುವನ್ನು ಎತ್ತಿ ಹಿಡಿಯುವುದು ಮಗುವಿನ ಸ್ನಾಯುಗಳೇ. ಸಾಮಾನ್ಯವಾಗಿ ಕೆಲವು ವರ್ಷಗಳ ಅಭ್ಯಾಸವಾದ ಮೇಲೆ, ಹನ್ನೊಂದು ಹನ್ನೆರಡು ವಯಸ್ಸಿನ ನಂತರ. ಪಾದದ ಮೂಳೆಗಳು ಆಗಲೂ ಬಲಿಯುತ್ತಲೇ ಇರುತ್ತವೆ, ಆದ್ದರಿಂದ ವಯಸ್ಸೊಂದನ್ನೇ ನಾನು ನೋಡುವುದಿಲ್ಲ. ಬಾರ್ ಬಿಟ್ಟು ಒಂಟಿ ಕಾಲಿನಲ್ಲಿ ನಿಲ್ಲಿಸಿ, ಮಂಡಿ ಬಾಗದಂತೆ ಹಿಮ್ಮಡಿಯನ್ನು ಮತ್ತೆ ಮತ್ತೆ ಎತ್ತಿಸುತ್ತೇನೆ. ಕಣಕಾಲು ಹೊರಕ್ಕೆ ವಾಲತೊಡಗಿದರೆ ಆ ವರ್ಷ ಶೂ ಇಲ್ಲ. ಶಾಲೆಯ ವಾರ್ಷಿಕೋತ್ಸವ ಎದುರಿಗಿದ್ದರೂ ಈ ಉತ್ತರ ಬದಲಾಗುವುದಿಲ್ಲ.