ಅಕ್ಕನ ಮಗ ಗೇರ್ ಗಾಡಿ ಕೇಳ್ತಿದ್ದಾನೆ, ಚಾವಿ ಕೊಡಬೇಕಾ?

ಪ್ರಶ್ನೆ: ನಾವು ಕಲಬುರಗಿಯವರು. ಅಕ್ಕನ ಮಗನಿಗೆ ಲೈಸೆನ್ಸ್ ಬಂದು ನಾಲ್ಕು ತಿಂಗಳಾಯಿತು. ಕಲಿತದ್ದು ಡ್ರೈವಿಂಗ್ ಸ್ಕೂಲಿನಲ್ಲಿ. ಆಮೇಲೆ ಓಡಿಸಿದ್ದು ಗೆಳೆಯನ ಆಟೋಮ್ಯಾಟಿಕ್ ಕಾರು, ಅದೂ ಎರಡು ಮೂರು ಸಲ. ಈಗ ಅಪ್ಪ ಅಮ್ಮನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಬೇಕು, ಗಾಡಿ ಕೊಡ್ರಿ ಮಾಮಾ ಅಂತಿದ್ದಾನೆ. ನನ್ನದು ಗೇರ್ ಗಾಡಿ, ಕ್ಲಚ್ ಒತ್ತಿ ಕೈಯಿಂದ ಗೇರ್ ಬದಲಿಸುವ ಕಾರು. ಕೊಡೋಕೆ ಭಯ. ಇಲ್ಲ ಅಂದರೆ ಅಕ್ಕನಿಗೆ ಬೇಜಾರು. ಏನು ಮಾಡಲಿ?

ಉತ್ತರ: ಈಗಲೇ ಕೊಡಬೇಡಿ. ಮೂರು ಭಾನುವಾರ ಕಳೆದ ಮೇಲೆ ಕೊಡಿ. ಆ ಮೂರೂ ಭಾನುವಾರ ಬೆಳಿಗ್ಗೆ ಅವನು ಸ್ಟೇರಿಂಗ್ ಹಿಡಿದಿರಬೇಕು, ನೀವು ಪಕ್ಕದಲ್ಲಿ ಕೂತಿರಬೇಕು. ಅಕ್ಕನಿಗೂ ಇದನ್ನೇ ಹೇಳಿ. 'ಇಲ್ಲ' ಅಂದರೆ ಮುನಿಸು ಬರುತ್ತೆ. 'ಮೊದಲು ನಾನು ಅವನ ಕೈ ನೋಡ್ತೀನಿ, ಆಮೇಲೆ ಒಯ್ಯಲಿ' ಅಂದರೆ ಯಾವ ತಾಯಿಯೂ ಬೇಡ ಅನ್ನೋದಿಲ್ಲ. ಆ ಗಾಡಿಯಲ್ಲಿ ಕೂರುವವಳು ಅವಳೇ ಅಲ್ವಾ?

ಲೈಸೆನ್ಸ್ ಇದೆಯಲ್ಲ, ಮತ್ತೇನು ಅಂತ ಹುಡುಗ ಕೇಳಬಹುದು. ಕಾನೂನಿನ ಲೆಕ್ಕದಲ್ಲಿ ಅವನು ಹೇಳೋದು ಸರಿ. ನಮ್ಮಲ್ಲಿ ದ್ವಿಚಕ್ರಕ್ಕೆ ಗೇರ್ ಇರುವ ಮತ್ತು ಗೇರ್ ಇಲ್ಲದ ಗಾಡಿ ಅಂತ ಬೇರೆ ಬೇರೆ ವರ್ಗ ಇದೆ. ಕಾರಿಗೆ ಹಾಗಿಲ್ಲ. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನ, ಅಂತ ಒಂದೇ ವರ್ಗ. ಕ್ಲಚ್ ಇರುವ ಗಾಡಿಗೂ ಇಲ್ಲದ ಗಾಡಿಗೂ ಅದೇ ಕಾರ್ಡು. ಹಾಗಾಗಿ ಅವನ ಎಡಗಾಲು ಎಷ್ಟು ಪಳಗಿದೆ ಅನ್ನೋದನ್ನು ಆ ಕಾರ್ಡು ಹೇಳೋದಿಲ್ಲ. ಅದನ್ನು ನೀವೇ ನೋಡಬೇಕು.

ಇನ್ನು ಡ್ರೈವಿಂಗ್ ಸ್ಕೂಲು. ನಿಯಮದ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ಗಾಡಿ ಓಡಿಸುವುದು ಕನಿಷ್ಠ 10 ಗಂಟೆ. ಭಾಗಿಸಿ ನೋಡಿದರೆ ದಿನಕ್ಕೆ ಅರ್ಧ ಗಂಟೆಯೂ ಆಗೋದಿಲ್ಲ. ಆ ಅರ್ಧ ಗಂಟೆಯಲ್ಲೂ ಪಕ್ಕದಲ್ಲಿ ಕೂತ ಮಾಸ್ತರರ ಕಾಲ ಕೆಳಗೆ ಇನ್ನೊಂದು ಕ್ಲಚ್, ಇನ್ನೊಂದು ಬ್ರೇಕು ಇರುತ್ತೆ. ಹುಡುಗ ಕ್ಲಚ್ ಬಿಡೋದು ತಪ್ಪಿದರೆ ಅವರು ಒತ್ತುತ್ತಾರೆ. ಗಾಡಿ ನಿಲ್ಲೋದಿಲ್ಲ. ಹುಡುಗ ತಾನೇ ಓಡಿಸಿದೆ ಅಂದುಕೊಳ್ತಾನೆ. ಅವನು ಸುಳ್ಳು ಹೇಳ್ತಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರೋದಿಲ್ಲ.

ಆಟೋಮ್ಯಾಟಿಕ್ ಓಡಿಸಿ ಬಂದವರದ್ದು ಇನ್ನೊಂದು ಕಥೆ. ಅಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತೆ, ಬಿಟ್ಟರೆ ಹೋಗುತ್ತೆ. ಅದೇ ರೂಢಿಯಲ್ಲಿ ಗೇರ್ ಗಾಡಿಗೆ ಬಂದು, ಕ್ಲಚ್ ಒತ್ತದೆ ಬರೀ ಬ್ರೇಕ್ ಹಾಕಿದರೆ ಗಾಡಿ ನಡುರಸ್ತೆಯಲ್ಲಿ ಬಂದ್ ಬೀಳುತ್ತೆ. ಜಗತ್ ಸರ್ಕಲ್ಲಿನಲ್ಲಿ ಹಿಂದೆ ಟಂಟಂ, ಪಕ್ಕದಲ್ಲಿ ಸಿಟಿ ಬಸ್ಸು, ಎಲ್ಲರೂ ಹಾರ್ನ್ ಹೊಡೀತಿದ್ದರೆ ಹೊಸಬನಿಗೆ ಬೆವರು ಕಿತ್ತುಕೊಂಡು ಬರುತ್ತೆ. ಗೇರಿನಲ್ಲಿದ್ದಂತೆಯೇ ಚಾವಿ ತಿರುಗಿಸ್ತಾನೆ. ಹಳೆಯ ಗಾಡಿಯಾದರೆ ಒಂದು ಗಜ ಮುಂದೆ ಹಾರುತ್ತೆ. ಈಗಿನ ಎಷ್ಟೋ ಗಾಡಿಗಳು ಕ್ಲಚ್ ಒತ್ತದೆ ಸ್ಟಾರ್ಟೇ ಆಗೋದಿಲ್ಲ. ಆಗ ಗಾಡಿ ಕೆಟ್ಟಿತು ಅಂತ ನಿಮಗೆ ಫೋನು ಬರುತ್ತೆ.

ಗಾಡಿ ಬಂದ್ ಬಿದ್ದರೆ ಎಂಜಿನ್ನಿಗೆ ಏನೂ ಆಗೋದಿಲ್ಲ. ಇದನ್ನು ಹುಡುಗನಿಗೆ ಮೊದಲೇ ಹೇಳಿಡಿ, ಅರ್ಧ ಹೆದರಿಕೆ ಹೋಗುತ್ತೆ. ಬ್ರೇಕ್ ಒತ್ತು, ಕ್ಲಚ್ ಪೂರ್ತಿ ಒತ್ತು, ನ್ಯೂಟ್ರಲ್ ಮಾಡು, ಸ್ಟಾರ್ಟ್ ಮಾಡು. ಅಷ್ಟೇ. ಆದರೆ ಉರುಳುತ್ತಿರುವಾಗ ಬಂದ್ ಬಿದ್ದರೆ ಮಾತ್ರ ಎಚ್ಚರ ಬೇಕು. ಸ್ಟೇರಿಂಗ್ ಭಾರ ಆಗುತ್ತೆ. ಬ್ರೇಕು ಒಂದೆರಡು ಸಲ ಚೆನ್ನಾಗಿ ಹಿಡಿಯುತ್ತೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ. ಬ್ರೇಕು ಹೋಗಿರೋದಿಲ್ಲ, ಜೋರಾಗಿ ತುಳಿಯಬೇಕಾಗುತ್ತೆ.

ನಿಮ್ಮ ಭಯ ಇರೋದು ಕ್ಲಚ್ ಪ್ಲೇಟಿನದ್ದು ಅಂತ ನನಗೆ ಗೊತ್ತು. ಅದು ಸುಮ್ನೆ ಭಯ ಅಲ್ಲ. ಎಂಜಿನ್ ಜೊತೆ ಸದಾ ತಿರುಗುವ ದಪ್ಪ ಚಕ್ರ ಒಂದಿದೆ, ಫ್ಲೈವೀಲ್. ಗೇರ್ ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟನ್ನು ಪ್ರೆಷರ್ ಪ್ಲೇಟು ಆ ಚಕ್ರಕ್ಕೆ ಅದುಮಿ ಹಿಡಿದಿರುತ್ತೆ. ಪೆಡಲ್ ಒತ್ತಿದಾಗ ಹಿಡಿತ ಬಿಡುತ್ತೆ, ಪೂರ್ತಿ ಬಿಟ್ಟಾಗ ಎರಡೂ ಒಂದಾಗಿ ತಿರುಗುತ್ತವೆ. ಇವೆರಡರ ನಡುವೆ, ಕಾಲು ಅರ್ಧಕ್ಕೆ ನಿಂತಾಗ, ಒಂದು ಜೋರಾಗಿ ತಿರುಗುತ್ತೆ, ಇನ್ನೊಂದು ನಿಧಾನಕ್ಕೆ. ಚಳಿಗಾಲದಲ್ಲಿ ಅಂಗೈ ಉಜ್ಜಿದರೆ ಬಿಸಿಯಾಗುತ್ತಲ್ಲ, ಅದೇ ಇಲ್ಲೂ ಆಗೋದು. ಗಾಡಿ ಎತ್ತುವಾಗ ಒಂದೆರಡು ಸೆಕೆಂಡು ಉಜ್ಜಲೇಬೇಕು, ಬೇರೆ ದಾರಿಯಿಲ್ಲ. ಹೊಸಬ ಮಾಡೋದು ಏನೆಂದರೆ, ಬಂದ್ ಬೀಳುತ್ತೆ ಅನ್ನುವ ಹೆದರಿಕೆಗೆ ಜೋರಾಗಿ ರೇಸ್ ಕೊಟ್ಟು ಹತ್ತು ಹದಿನೈದು ಸೆಕೆಂಡು ಹಾಫ್ ಕ್ಲಚ್‌ನಲ್ಲೇ ಹಿಡಿದುಕೊಳ್ತಾನೆ. ಪ್ಲೇಟಿನ ಮೇಲಿನ ಪದರ ಸುಡೋದು ಆವಾಗಲೇ.

ನಮ್ಮ ಮನೆಯಲ್ಲಿ ಇದು ಆಗಿದೆ. ಕಾಕಾನ ಮಗ ಮದುವೆಗೆ ಅಂತ ಒಯ್ದ. ಒಂದೇ ದಿನ. ಮದುವೆ ಮಂಟಪದ ಮುಂದೆ ಮೆರವಣಿಗೆ ಹಿಂದೆ ಮುಕ್ಕಾಲು ಗಂಟೆ ಇರುವೆಯ ಹಾಗೆ ತೆವಳಿದ್ದಾನೆ, ಕಾಲು ಅರ್ಧ ಕ್ಲಚ್ಚಿನ ಮೇಲೆ. ಸಂಜೆ ಗಾಡಿ ಬಂದಾಗ ರಬ್ಬರ್ ಸುಟ್ಟಂಥ ವಾಸನೆ. ಓಣಿಯಲ್ಲಿ ಯಾರೋ ಟಯರ್ ಸುಡ್ತಿದ್ದಾರೆ ಅಂದುಕೊಂಡೆ. ಮರುದಿನ ಮಿಸ್ತ್ರಿ ಬಾನೆಟ್ಟು ಕೂಡ ತೆಗೆಯಲಿಲ್ಲ. ಒಂದು ಸುತ್ತು ಓಡಿಸಿ ಬಂದು, 'ಪ್ಲೇಟ್ ಹೋಗ್ಯಾದ್ರಿ' ಅಂದ. ಪ್ಲೇಟ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲ ಒಟ್ಟಿಗೇ ಹಾಕಿಸೋದು ವಾಸಿ, ಮತ್ತೆ ಇಳಿಸುವ ಕೂಲಿ ಉಳಿಯುತ್ತೆ. ಇನ್ಶೂರೆನ್ಸಿನವರು ಇದಕ್ಕೆ ಒಂದು ಪೈಸೆ ಕೊಡೋದಿಲ್ಲ, ಸವೆತ ಅವರ ಲೆಕ್ಕಕ್ಕೆ ಬರೋದಿಲ್ಲ. ಕಾಕಾನ ಮಗನ ಹತ್ತಿರ ದುಡ್ಡು ಕೇಳೋಕೆ ನನಗೆ ಬಾಯಿ ಬರಲಿಲ್ಲ. ನಿಮಗೂ ಬರೋದಿಲ್ಲ.

ಈಗ ಆ ಮೂರು ಭಾನುವಾರದ ಮಾತು. ಮೊದಲನೆಯ ದಿನ ಬೆಳಿಗ್ಗೆ ಆರಕ್ಕೆ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಕಡೆ ಹೋಗಿ, ಬದಿಯಲ್ಲಿ ಖಾಲಿ ಜಾಗ ನೋಡಿ. ಫಸ್ಟ್ ಗೇರ್ ಹಾಕಿಸಿ. ಬಲಗಾಲು ಎಕ್ಸಿಲೇಟರ್ ಮುಟ್ಟಬಾರದು. ಎಡಗಾಲು ಕ್ಲಚ್ಚನ್ನು ಇಂಚಿಂಚಾಗಿ ಬಿಡಬೇಕು. ಒಂದು ಕಡೆ ಗಾಡಿ ಸಣ್ಣಗೆ ನಡುಗುತ್ತೆ, ಎಂಜಿನ್ ಸದ್ದು ಇಳಿಯುತ್ತೆ, ಆಮೇಲೆ ಗಾಡಿ ತಾನಾಗೇ ತೆವಳೋಕೆ ಶುರು ಮಾಡುತ್ತೆ. ಆ ಜಾಗ ಅವನ ಕಾಲಿಗೆ ಸಿಗಬೇಕು. ಪ್ರತಿ ಗಾಡಿಯಲ್ಲೂ ಅದು ಬೇರೆ. ಸ್ಕೂಲಿನ ಗಾಡಿಯಲ್ಲಿ ಕೆಳಗೆ ಇದ್ದದ್ದು ನಿಮ್ಮ ಗಾಡಿಯಲ್ಲಿ ಮೇಲೆ ಇರಬಹುದು. ಇಪ್ಪತ್ತು ಸಲ ಮಾಡಿಸಿ. ಬೇಜಾರು ಮಾಡಿಕೊಂಡರೂ ಮಾಡಿಸಿ. ರಿವರ್ಸ್ ಗೇರ್ ಎಲ್ಲಿದೆ ಅಂತಲೂ ಅವತ್ತೇ ತೋರಿಸಿ. ಕೆಲವು ಗಾಡಿಗಳಲ್ಲಿ ಗೇರ್ ಕೋಲಿನ ಮೇಲಿರುವ ರಿಂಗ್ ಎತ್ತಬೇಕು, ಕೆಲವದರಲ್ಲಿ ಬೇಡ.

ಎರಡನೆಯ ಭಾನುವಾರ ಏರು. ಇಲ್ಲಿ ನಮ್ಮ ಊರಿನದೇ ಒಂದು ತೊಂದರೆ ಇದೆ. ಕಲಬುರಗಿ ಬಯಲು ಸೀಮೆ. ಇಲ್ಲಿ ಕಲಿತವನು ತಿಂಗಳುಗಟ್ಟಲೆ ಓಡಿಸಿದರೂ ಏರಿನಲ್ಲಿ ನಿಲ್ಲಿಸಿ ಎತ್ತುವ ಪ್ರಸಂಗ ಬರೋದಿಲ್ಲ. ಮೊದಲನೆಯ ಸಲ ಬರೋದು ರೈಲ್ವೆ ಮೇಲ್ಸೇತುವೆಯ ಮೇಲೆ ಟ್ರಾಫಿಕ್ ಜಾಮ್ ಆದಾಗ, ಹಿಂದೆ ಲಾರಿ ಅಂಟಿಕೊಂಡು ನಿಂತಾಗ. ಅದಕ್ಕೇ ಮುಂಜಾನೆ ರಸ್ತೆ ಖಾಲಿ ಇರುವಾಗ, ಊರ ಹೊರಗೆ ಸಣ್ಣ ಏರು ಯಾವುದಾದರೂ ಹುಡುಕಿ. ಹ್ಯಾಂಡ್ ಬ್ರೇಕ್ ಎಳೆಯಲಿ. ಫಸ್ಟ್ ಗೇರ್, ಸ್ವಲ್ಪ ರೇಸ್, ಕ್ಲಚ್ ಆ ನಡುಗುವ ಜಾಗಕ್ಕೆ. ಗಾಡಿಯ ಮೂತಿ ಸ್ವಲ್ಪ ಎದ್ದಂತಾದಾಗ ಹ್ಯಾಂಡ್ ಬ್ರೇಕ್ ಇಳಿಸಲಿ. ಐದು ಸಲದಲ್ಲಿ ಐದೂ ಸಲ ಹಿಂದಕ್ಕೆ ಜಾರದೆ ಎತ್ತಿದನಾ? ಹಾಗಾದರೆ ನನ್ನ ಕಡೆಯಿಂದ ಪಾಸು. ಗೇರ್ ಗಾಡಿ ಕೊಡಬೇಕೋ ಬೇಡವೋ ಅಂತ ನಾನು ನಿರ್ಧರಿಸೋದು ಈ ಒಂದು ಪರೀಕ್ಷೆಯಿಂದಲೇ.

ಮೂರನೆಯ ದಿನ ಅವನು ಹೋಗಬೇಕೆಂದ ದಾರಿಯಲ್ಲೇ ಅಫಜಲಪುರ ರಸ್ತೆ ಹಿಡಿದು ಒಂದಷ್ಟು ದೂರ ಹೋಗಿ ಬನ್ನಿ. ನೀವು ಬಾಯಿ ಬಿಗಿ ಹಿಡಿದು ಕೂತಿರಬೇಕು. ಕಷ್ಟ, ಆದರೆ ಕೂರಿ. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರ್ ಸಿಗುತ್ತೆ, ಹಿಂದೆ ಲೈಟು ಇರೋದಿಲ್ಲ. ಕುರಿ ಹಿಂಡು ಸಿಗುತ್ತೆ. ಅವನು ಗೇರ್ ಇಳಿಸ್ತಾನಾ, ಇಲ್ಲ ನಾಲ್ಕನೆಯ ಗೇರಿನಲ್ಲೇ ಗಡಗಡ ಅಂತ ಎಳೀತಾನಾ ನೋಡಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿದರೆ ಅಲ್ಲೇ ಬೈಯಿರಿ.

ಕಾಗದ ಪತ್ರದ ವಿಷಯ ಬೇಗ ಮುಗಿಸ್ತೀನಿ. ಅವನ ಲೈಸೆನ್ಸನ್ನು ಕಣ್ಣಾರೆ ನೋಡಿ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಪ್ರಕಾರ ಮಾಲೀಕನಿಗೇ 5,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಾರಿಯಲ್ಲಿ ಹದಿನಾರರ ತಮ್ಮನ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೂ ದೊಡ್ಡದು. 2019ರಲ್ಲಿ ಸೇರಿಸಿದ 199ಎ ಸೆಕ್ಷನ್‌ನಲ್ಲಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಲೈಸೆನ್ಸ್ ಸರಿ ಇದ್ದರೆ ನಿಮ್ಮ ಇನ್ಶೂರೆನ್ಸ್ ಅವನು ಓಡಿಸಿದಾಗಲೂ ನಡೆಯುತ್ತೆ. ಆದರೆ ಒಂದು ಸಣ್ಣ ಕ್ಲೇಮ್ ಮಾಡಿದರೂ ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ), ಅದು 50 ಪರ್ಸೆಂಟ್ ಆಗಿದ್ದರೂ, ಸೊನ್ನೆಗೆ ಬರುತ್ತೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಮಾಲೀಕ ಚಾಲಕನಿಗೆ ಇರುವ 15 ಲಕ್ಷದ ಅಪಘಾತ ವಿಮೆ ನಿಮಗೆ ಮಾತ್ರ. ಅಳಿಯನಿಗೆ ಅದು ಸಿಗೋದಿಲ್ಲ. ಗಾಡಿಯಲ್ಲಿ ಕೂತವರಿಗೆ ಬೇರೆ ಕವರ್ ತೆಗೆದುಕೊಂಡಿದ್ದೀರಾ ಅಂತ ಪಾಲಿಸಿ ತೆಗೆದು ನೋಡಿ.

ದಿನ ಯಾವುದು ಅನ್ನೋದೂ ಮುಖ್ಯ. ಹುಣ್ಣಿಮೆ ಬೇಡ, ಗುರುವಾರ ಬೇಡ. ದತ್ತನ ದರ್ಶನಕ್ಕೆ ಜನ ಕಿಕ್ಕಿರಿದು ಬರುವ ದಿನಗಳವು. ಸುಮಾರು 40 ಕಿಲೋಮೀಟರ್ ದಾರಿ ಅವನಿಗೆ ಕಷ್ಟ ಆಗಲಿಕ್ಕಿಲ್ಲ. ಗುಡಿಯ ಹತ್ತಿರದ ಕೊನೆಯ ಸ್ವಲ್ಪ ದೂರವೇ ಕ್ಲಚ್ ತಿನ್ನೋದು. ಮಂಗಳವಾರವೋ ಬುಧವಾರವೋ ನಸುಕಿನಲ್ಲಿ ಹೊರಟು, ಊರ ಹೊರಗೇ ಗಾಡಿ ನಿಲ್ಲಿಸಿ ನಡೆದು ಹೋಗಲಿ. ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಬೇಕು, ಮುಂದೆ ಎರಡು ಗಾಡಿಯಷ್ಟು ಜಾಗ ಆದ ಮೇಲೆ ಒಂದೇ ಸಲ ಎತ್ತಬೇಕು. ಡೀಸೆಲ್ ಗಾಡಿಯಾದರೆ ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ಡೀಸೆಲ್' ಅಂತ ಚೀಟಿ ಅಂಟಿಸಿ. ನಗಬೇಡಿ, ಪೆಟ್ರೋಲ್ ತುಂಬಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಗಾಡಿ ವಾಪಸ್ ಬಂದ ಮೇಲೆ ಹುಡುಗ ಮನೆಗೆ ಹೋಗಲಿ, ಚಹಾ ಕುಡಿದು ಹೋಗಲಿ. ಆಮೇಲೆ ನೀವೊಬ್ಬರೇ ಒಂದು ಸುತ್ತು ಹೋಗಿ. ರಿಂಗ್ ರೋಡಿನಲ್ಲಿ ನಾಲ್ಕನೆಯ ಗೇರಿನಲ್ಲಿ 40ರ ವೇಗದಿಂದ ಎಕ್ಸಿಲೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿದಷ್ಟೇ ವೇಗವೂ ಏರಿದರೆ ಪ್ಲೇಟು ಚೆನ್ನಾಗಿದೆ. ಸದ್ದು ಮಾತ್ರ ಏರಿ ಗಾಡಿ ಅಲ್ಲೇ ಉಳಿದರೆ ಮಿಸ್ತ್ರಿಗೆ ಫೋನ್ ಮಾಡಿ.