ಸೀಟಿನ ಕೆಳಗಿನ ಸಂಪಾದನೆ: ಲ್ಯಾನ್ ಚಿಲಿಯಿಂದ ಲಾಟಾಮ್‌ವರೆಗೆ

ದಕ್ಷಿಣ ಅಮೆರಿಕದ ಅತಿ ದೊಡ್ಡ ವಿಮಾನಯಾನ ಸಮೂಹವಾದ ಲಾಟಾಮ್ ಬೆಳೆದ ಬಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಪ್ರಯಾಣಿಕರ ಸಂಖ್ಯೆಯಿಂದ ಆರಂಭಿಸುತ್ತಾರೆ. ವಾಯುಸರಕಿನ ಲೆಕ್ಕಾಚಾರವೇ ವೃತ್ತಿಯಾಗಿರುವ ನಾನು ವಿಮಾನದ ಕೆಳಭಾಗದಲ್ಲಿರುವ ಸರಕಿನ ಕೋಣೆಯಿಂದಲೇ ಆರಂಭಿಸುತ್ತೇನೆ.

ಚಿಲಿಯ ವಾಯುಪಡೆಯ ಅಧಿಕಾರಿ ಆರ್ತುರೊ ಮೆರಿನೊ ಬೆನಿತೆಸ್ 1929ರಲ್ಲಿ ಸ್ಥಾಪಿಸಿದ, ಲಾಟಾಮ್‌ನ ಮೂಲವಾದ ಸಂಸ್ಥೆಯ ಮೊದಲ ಕೆಲಸವೂ ಸರಕಿನದ್ದೇ ಆಗಿತ್ತು: ರಾಜಧಾನಿ ಸ್ಯಾಂಟಿಯಾಗೋದಿಂದ ಉತ್ತರದ ಮರುಭೂಮಿಯಾಚೆಗಿನ ಅರಿಕಾಕ್ಕೆ ಅಂಚೆ ಒಯ್ಯುವುದು. ಉತ್ತರ-ದಕ್ಷಿಣವಾಗಿ ಸುಮಾರು 4,300 ಕಿಲೋಮೀಟರ್ ಚಾಚಿಕೊಂಡಿರುವ ದೇಶಕ್ಕೆ ಇಂಥ ಸೇವೆ ಅನಿವಾರ್ಯವಾಗಿತ್ತು. 1932ರಲ್ಲಿ ಅದು ಲ್ಯಾನ್ ಎಂಬ ಹೆಸರು ಪಡೆಯಿತು. 1989ರಲ್ಲಿ ಖಾಸಗೀಕರಣ ಆರಂಭವಾಗುವವರೆಗೆ ಸರ್ಕಾರಿ ಸಂಸ್ಥೆಯಾಗಿಯೇ ಉಳಿಯಿತು.

ನಿಜವಾದ ತಿರುವು ಬಂದದ್ದು 1994ರಲ್ಲಿ, ಕ್ವೆತೊ ಕುಟುಂಬವೂ ಮುಂದೆ ಚಿಲಿಯ ಅಧ್ಯಕ್ಷರಾದ ಸೆಬಾಸ್ಟಿಯನ್ ಪಿನ್ಯೇರಾ ಅವರೂ ಸೇರಿದ ಹೂಡಿಕೆದಾರರ ಗುಂಪು ಸಂಸ್ಥೆಯ ಹಿಡಿತ ಪಡೆದಾಗ. ಕ್ವೆತೊ ಕುಟುಂಬದವರು ಅದಕ್ಕೂ ಮೊದಲು ಫಾಸ್ಟ್ ಏರ್ ಎಂಬ ಸರಕು ವಿಮಾನ ಸಂಸ್ಥೆಯನ್ನು ನಡೆಸಿದವರು. ಟಿಕೆಟ್ ಮಾರುವುದರಲ್ಲೇ ಪಳಗಿದವರ ಕೈಗೆ ಸಂಸ್ಥೆ ಹೋಗಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೆಂಬುದು ನನ್ನ ಅಭಿಪ್ರಾಯ. ಚಿಲಿಯಂಥ ಕಡಿಮೆ ಜನಸಂಖ್ಯೆಯ ದೇಶದಿಂದ ಮಯಾಮಿಗೋ ಯುರೋಪಿಗೋ ಹಾರುವ ದೊಡ್ಡ ವಿಮಾನವನ್ನು ವರ್ಷವಿಡೀ ಪ್ರಯಾಣಿಕರಿಂದಲೇ ತುಂಬಿಸುವುದು ಕಷ್ಟ. ಆದರೆ ಇಂಧನ, ಸಿಬ್ಬಂದಿ, ನಿಲ್ದಾಣ ಶುಲ್ಕಗಳ ಬಹುಪಾಲು ವೆಚ್ಚ ಸೀಟುಗಳು ಖಾಲಿಯಿದ್ದರೂ ತಗಲುವಂಥದ್ದಾದ್ದರಿಂದ, ಅದೇ ವಿಮಾನದ ಕೆಳಭಾಗದಲ್ಲಿ ಚಿಲಿಯ ತಾಜಾ ಸಾಲ್ಮನ್ ಮೀನನ್ನೋ ಪೆರುವಿನ ಆಸ್ಪರಾಗಸ್ಸನ್ನೋ ಸಾಗಿಸಿದರೆ, ನಷ್ಟವಿಲ್ಲದೆ ಹಾರಲು ಭರ್ತಿಯಾಗಬೇಕಾದ ಸೀಟುಗಳ ಪ್ರಮಾಣವೇ ಇಳಿಯುತ್ತದೆ. ಬೇಗ ಕೆಡುವ ಸರಕಿಗೆ ಹಡಗು ಒಗ್ಗುವುದಿಲ್ಲ, ಹಾಗಾಗಿ ವಿಮಾನದ ದುಬಾರಿ ದರವನ್ನು ಅದು ತಾಳಿಕೊಳ್ಳುತ್ತದೆ. ಉತ್ತರಕ್ಕೆ ಮೀನು, ಹೂವು, ಹಣ್ಣು. ದಕ್ಷಿಣಕ್ಕೆ ಎಲೆಕ್ಟ್ರಾನಿಕ್ಸ್ ಮತ್ತು ಯಂತ್ರಗಳ ಬಿಡಿಭಾಗ. ಎರಡೂ ದಿಕ್ಕಿನಲ್ಲಿ ಹೊರೆ ಸಿಗುವುದು ಈ ವೃತ್ತಿಯಲ್ಲಿ ಅಪರೂಪದ ಭಾಗ್ಯ.

ತವರಿನ ಮಾರುಕಟ್ಟೆ ಚಿಕ್ಕದಾದ್ದರಿಂದ ನೆರೆಯ ದೇಶಗಳಿಗೂ ವಿಸ್ತರಿಸಬೇಕಾಯಿತು. ತನ್ನ ದೇಶದೊಳಗಿನ ಊರುಗಳ ನಡುವೆ ವಿದೇಶಿ ಸಂಸ್ಥೆಯೊಂದು ಹಾರಾಟ ನಡೆಸಲು ಸಾಮಾನ್ಯವಾಗಿ ಯಾವ ಸರ್ಕಾರವೂ ಬಿಡುವುದಿಲ್ಲ. ಆದ್ದರಿಂದ ಲ್ಯಾನ್ 1999ರಲ್ಲಿ ಪೆರುವಿನಲ್ಲಿ, ಅನಂತರ ಈಕ್ವೆಡಾರ್ ಮತ್ತು ಅರ್ಜೆಂಟೀನಾಗಳಲ್ಲಿ ಆಯಾ ದೇಶದ ಪರವಾನಗಿಯುಳ್ಳ ಸಂಸ್ಥೆಗಳನ್ನು ಕಟ್ಟಿತು. 2010ರಲ್ಲಿ ಕೊಲಂಬಿಯಾದ ಐರೆಸ್ ಸಂಸ್ಥೆಯನ್ನು ಕೊಂಡಿತು.

ಬ್ರೆಜಿಲ್ ಮಾತ್ರ ಅಷ್ಟು ಸುಲಭವಾಗಿ ದಕ್ಕುವ ಮಾರುಕಟ್ಟೆಯಾಗಿರಲಿಲ್ಲ. ಮರಿಲಿಯಾ ಎಂಬ ಊರಿನಲ್ಲಿ ಏರ್ ಟ್ಯಾಕ್ಸಿಯಾಗಿ ಹುಟ್ಟಿದ ಟಾಮ್, ರೋಲಿಮ್ ಅಮಾರೊ ಅವರ ನೇತೃತ್ವದಲ್ಲಿ ಅಲ್ಲಿನ ಪ್ರಮುಖ ಸಂಸ್ಥೆಯಾಗಿ ಬೆಳೆದಿತ್ತು. 2010ರಲ್ಲಿ ಘೋಷಣೆಯಾದ ಲ್ಯಾನ್-ಟಾಮ್ ವಿಲೀನ 2012ರ ಜೂನ್‌ನಲ್ಲಿ ಪೂರ್ಣಗೊಂಡಾಗ, ವಿದೇಶಿಯರಿಗೆ ಮತದಾನದ ಹಕ್ಕುಳ್ಳ ಷೇರುಗಳಲ್ಲಿ ಶೇಕಡ 20ಕ್ಕಿಂತ ಹೆಚ್ಚು ಪಾಲು ಸಲ್ಲದೆಂಬ ಬ್ರೆಜಿಲಿನ ಅಂದಿನ ಕಾನೂನಿನ ಕಾರಣ, ಟಾಮ್‌ನ ಮತಾಧಿಕಾರದ ಬಹುಪಾಲು ಅಮಾರೊ ಕುಟುಂಬದಲ್ಲೇ ಉಳಿದು ಆರ್ಥಿಕ ಹಕ್ಕು ಸಮೂಹಕ್ಕೆ ಸೇರುವಂಥ ಜಟಿಲ ವ್ಯವಸ್ಥೆಯನ್ನು ರೂಪಿಸಬೇಕಾಯಿತು. ವಕೀಲರಿಗೆ ಅದು ಹಬ್ಬವೇ ಆಗಿದ್ದಿರಬೇಕು. 2016ರಲ್ಲಷ್ಟೇ ವಿಮಾನಗಳ ಮೇಲೆ ಲಾಟಾಮ್ ಎಂಬ ಒಂದೇ ಹೆಸರು ಕಾಣಿಸಿಕೊಂಡಿತು.

2019ರಲ್ಲಿ ಅಮೆರಿಕದ ಡೆಲ್ಟಾ ವಿಮಾನಯಾನ ಸಂಸ್ಥೆ 190 ಕೋಟಿ ಡಾಲರ್ ತೆತ್ತು ಶೇಕಡ 20ರಷ್ಟು ಪಾಲು ಕೊಳ್ಳಲು ಮುಂದಾಯಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು. 2020ರ ಮೇ 26ರಂದು ಲಾಟಾಮ್, ವ್ಯವಹಾರ ನಡೆಸುತ್ತಲೇ ಸಾಲಗಳನ್ನು ಮರುಹೊಂದಿಸಿಕೊಳ್ಳಲು ಬಿಡುವ ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದ ಅಡಿ ನ್ಯೂಯಾರ್ಕಿನ ನ್ಯಾಯಾಲಯದ ಮೊರೆಹೊಕ್ಕಿತು. ಪ್ರಯಾಣಿಕ ವಿಮಾನಗಳು ನೆಲಹಿಡಿದಿದ್ದಾಗಲೂ ಸರಕು ವಿಮಾನಗಳು ಹಾರುತ್ತಿದ್ದವು. ದಿವಾಳಿ ಪ್ರಕ್ರಿಯೆಯ ನಡುವೆಯೇ, 2021ರಲ್ಲಿ, ಬೋಯಿಂಗ್ 767 ಪ್ರಯಾಣಿಕ ವಿಮಾನಗಳನ್ನು ಸರಕು ವಿಮಾನಗಳಾಗಿ ಮಾರ್ಪಡಿಸುವ ಯೋಜನೆಯನ್ನು ಸಮೂಹ ವಿಸ್ತರಿಸಿತು. ಆದರೆ ಸರಕಿನ ಆದಾಯ ಹಳೆಯ ಷೇರುದಾರರನ್ನು ಉಳಿಸುವಷ್ಟಿರಲಿಲ್ಲ. 2022ರ ನವೆಂಬರ್‌ನಲ್ಲಿ ಸಮೂಹ ದಿವಾಳಿ ರಕ್ಷಣೆಯಿಂದ ಹೊರಬಂದಾಗ ಸಾಲ ಕೊಟ್ಟವರಿಗೆ ಸಲ್ಲಬೇಕಿದ್ದ ಬಾಕಿಯ ಬಹುಪಾಲು ಷೇರುಗಳಾಗಿ ಮಾರ್ಪಟ್ಟಿತ್ತು, ಹಳೆಯ ಷೇರುಗಳ ಪಾಲು ಹೆಚ್ಚುಕಡಿಮೆ ಶೂನ್ಯಕ್ಕಿಳಿದಿತ್ತು. 2024ರ ಜುಲೈನಲ್ಲಿ ಲಾಟಾಮ್ ನ್ಯೂಯಾರ್ಕ್ ಷೇರುಪೇಟೆಗೆ ಮರಳಿತು. ಆಗ ಷೇರುಗಳನ್ನು ಮಾರಲು ಮುಂದಾದವರು ಆ ಸಾಲಗಳನ್ನು ಹಿಡಿದಿದ್ದ ಹೂಡಿಕೆ ನಿಧಿಗಳೇ.